ಕುದಿಯುವ ನೀರಿಗೆ ದೊಡ್ಡ ಉರಿ ಏಕೆ?

ಬೆಣ್ಣೆ ಕಾಯಿಸುವಾಗ ಒಂದು ಗಳಿಗೆ ಆಚೆ ಹೋಗಿ ಬಂದರೆ ತುಪ್ಪ ಸೀದಿರುತ್ತದೆ. ಚಿಕ್ಕಿಯ ಪಾಕ ಒಮ್ಮೆ ಅಂಟು, ಇನ್ನೊಮ್ಮೆ ಕಲ್ಲು. ಬೇಳೆ ಬೇಗ ಬೇಯಲಿ ಎಂದು ಉರಿ ದೊಡ್ಡದು ಮಾಡಿದರೆ ನೀರು ಬತ್ತುತ್ತದೆ, ಬೇಳೆ ಹಾಗೇ ಇರುತ್ತದೆ, ಸಿಲಿಂಡರ್ ಮಾತ್ರ ಲೆಕ್ಕಕ್ಕಿಂತ ಮೊದಲೇ ಮುಗಿಯುತ್ತದೆ. ಇವು ಬೇರೆ ಬೇರೆ ತಾಪತ್ರಯಗಳಂತೆ ಕಂಡರೂ ಬೇರು ಒಂದೇ. ಒಲೆಯಿಂದ ಬಂದ ಶಾಖವೆಲ್ಲ ಪಾತ್ರೆಯೊಳಗಿನ ಬಿಸಿಯನ್ನು ಏರಿಸುತ್ತಲೇ ಹೋಗುತ್ತದೆ ಎಂದು ನಾವು ನಂಬಿರುತ್ತೇವೆ. ವಾಸ್ತವದಲ್ಲಿ, ಪದಾರ್ಥ ಘನದಿಂದ ದ್ರವಕ್ಕೆ ಅಥವಾ ದ್ರವದಿಂದ ಅನಿಲಕ್ಕೆ ಬದಲಾಗುವ ಹೊತ್ತಿನಲ್ಲಿ ಶಾಖ ಆ ಬದಲಾವಣೆಗೇ ಖರ್ಚಾಗುತ್ತದೆ, ಬಿಸಿ ಏರುವುದಿಲ್ಲ.

ಇದನ್ನೇ ನೆಚ್ಚಿಕೊಂಡು ದಿನವಿಡೀ ದುಡಿಯುವ ಊರೊಂದು ನಮ್ಮಲ್ಲಿದೆ. ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಗೆ ಹೊರಟರೆ ನಡುವೆ ಸಿಗುವ ಮಾಚೇನಹಳ್ಳಿ. ಅಲ್ಲಿನ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಕಬ್ಬಿಣವನ್ನು ನೀರಿನಂತೆ ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಅದೇ ಊರಿನಲ್ಲಿರುವ ಶಿವಮೊಗ್ಗ ಹಾಲು ಒಕ್ಕೂಟದ (ಶಿಮುಲ್) ಡೈರಿಯ ಕೆಲಸ ಹಾಲನ್ನು ಕಾಯಿಸಿ, ತಣಿಸಿ, ನಂದಿನಿ ಪೊಟ್ಟಣಕ್ಕೆ ತುಂಬುವುದು. ಇನ್ನೂ ಮುಂದೆ ಹೋದರೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಆ ಕಾಲದಲ್ಲಿ ಅಲ್ಲಿ ಕಾಡಿನ ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಆವಿಯನ್ನು ತಣಿಸಿ ಮೆಥನಾಲ್, ಡಾಂಬರಿನಂಥ ದ್ರವಗಳನ್ನು ತೆಗೆಯುತ್ತಿದ್ದರು. ಉಳಿದ ಇದ್ದಿಲು ಕೆಮ್ಮಣ್ಣುಗುಂಡಿಯ ಅದಿರಿನ ಜೊತೆ ಕುಲುಮೆ ಸೇರುತ್ತಿತ್ತು. ಕಾರ್ಖಾನೆಯವರು ಡಿಗ್ರಿ ಲೆಕ್ಕದಲ್ಲಿ ಪಾಲಿಸುವ ಈ ನಿಯಮವನ್ನು ಅಡುಗೆಮನೆಯಲ್ಲಿ ಕಣ್ಣು, ಕಿವಿಗಳಿಂದಲೇ ಪಾಲಿಸಬಹುದು.

ಶಾಖ ಎಲ್ಲಿ ಹೋಗುತ್ತದೆ?

ಒಂದು ಲೀಟರ್ ನೀರನ್ನು ಒಲೆಯ ಮೇಲಿಡಿ. 25 ಡಿಗ್ರಿ ಸೆಲ್ಸಿಯಸ್ ಇದ್ದದ್ದು 100 ಡಿಗ್ರಿ ಆಗಲು ಸುಮಾರು 314 ಕಿಲೋಜೂಲ್ ಶಾಖ ಸಾಕು. ಅದೇ ನೀರು ಪೂರ್ತಿ ಆವಿಯಾಗಬೇಕಾದರೆ ಅದರ ಮೇಲೆ ಇನ್ನೂ 2257 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟು. ಇಷ್ಟು ಶಾಖ ಒಳಗೆ ಹೋಗುತ್ತಿದ್ದರೂ ಥರ್ಮಾಮೀಟರ್ ಮಾತ್ರ ಕದಲುವುದಿಲ್ಲ. ನಿಲ್ದಾಣದಲ್ಲಿ ಸಿಟಿ ಬಸ್ಸು ನಿಂತಲ್ಲೇ ನಿಂತಿದ್ದರೂ ಒಳಗಿನಿಂದ ಜನ ಇಳಿಯುತ್ತಲೇ ಇರುವಂತೆ, ಬಿಸಿ ನಿಂತಿರುತ್ತದೆ, ನೀರು ಹೊರಟು ಹೋಗುತ್ತಿರುತ್ತದೆ. ಕಾಣದೆ ಖರ್ಚಾಗುವ ಈ ಶಾಖಕ್ಕೆ ಶಾಲೆಯ ಪುಸ್ತಕದಲ್ಲಿ ಗುಪ್ತೋಷ್ಣ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ಆಸುಪಾಸಿನಲ್ಲಿ ಇದನ್ನು ಅಳೆದು ತೋರಿಸಿದ.

ಗ್ಯಾಸಿನ ಲೆಕ್ಕದಲ್ಲಿ ನೋಡೋಣ. ಒಲೆಯ ಶಾಖದಲ್ಲಿ ನೂರಕ್ಕೆ 65 ಪಾಲು ಪಾತ್ರೆಗೆ ತಲುಪುತ್ತದೆ ಎಂದು ಹಿಡಿದರೆ, ಒಂದು ಲೀಟರ್ ನೀರನ್ನು ಕುದಿಸಲು ಬೇಕಾಗುವುದು ಹತ್ತು ಹನ್ನೊಂದು ಗ್ರಾಂ ಗ್ಯಾಸ್. ಆ ನೀರನ್ನೆಲ್ಲ ಆವಿ ಮಾಡಿ ಕಳೆಯಲು ಇನ್ನೂ 75 ಗ್ರಾಂ. ಮುಚ್ಚಳವಿಲ್ಲದ ಪಾತ್ರೆ ದೊಡ್ಡ ಉರಿಯಲ್ಲಿ ಕೊತಕೊತ ಕುದಿಯುವಾಗ 14.2 ಕಿಲೋ ಸಿಲಿಂಡರ್ ಎಲ್ಲಿ ಕರಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇದರಿಂದ ಒಲೆಯ ಮುಂದೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪಾತ್ರೆಯ ನೀರು ಹೋಗಬೇಕೋ, ಉಳಿಯಬೇಕೋ? ಹೋಗಬೇಕಾದರೆ ಅಗಲ ಬಾಯಿಯ ಪಾತ್ರೆ, ಮುಚ್ಚಳವಿಲ್ಲ, ಉರಿ ಜೋರು. ಉಳಿಯಬೇಕಾದರೆ ಮುಚ್ಚಳ, ಸಣ್ಣ ಉರಿ. ಕೆಳಗಿನ ಸೂತ್ರಗಳೆಲ್ಲ ಇದರ ವಿಸ್ತಾರ.

ಏನು ಮಾಡಬೇಕು?

1. ಬೇಳೆ, ಕಾಳು, ಅನ್ನ: ಕುದಿ ಬಂದೊಡನೆ ಉರಿ ತಗ್ಗಿಸಿ

ಬೇಳೆಯನ್ನು ಬೇಯಿಸುವುದು ನೀರಿನ ಬಿಸಿ, ಗುಳ್ಳೆಗಳ ಅಬ್ಬರವಲ್ಲ. ಮೆಲ್ಲಗೆ ಕುದಿಯುವ ನೀರೂ ಭೋರೆಂದು ಕುದಿಯುವ ನೀರೂ ಒಂದೇ ಡಿಗ್ರಿಯಲ್ಲಿರುತ್ತವೆ. ಆದ್ದರಿಂದ ಕುದಿ ಬರುವ ತನಕ ಉರಿ ದೊಡ್ಡದಿರಲಿ, ಬಂದ ಮೇಲೆ ಮುಚ್ಚಳ ಓರೆಯಾಗಿಟ್ಟು ಸಿಮ್‌ಗೆ ತನ್ನಿ. ಬಸಿದು ಮಾಡುವ ಅನ್ನಕ್ಕೂ ಇದೇ ಸಾಕು. ಅಗುಳು ಒಡೆಯುವುದೂ ಕಡಿಮೆಯಾಗುತ್ತದೆ, ಗಂಜಿ ಉಕ್ಕಿ ಬರ್ನರ್ ಕಟ್ಟುವುದೂ ತಪ್ಪುತ್ತದೆ.

2. ಕುಕ್ಕರ್: ಸೀಟಿ ಎಣಿಸಬೇಡಿ, ನಿಮಿಷ ಎಣಿಸಿ

ನೀರು ಯಾವ ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದು ಅದರ ಮೇಲಿನ ಒತ್ತಡವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ. ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ 98ರ ಆಸುಪಾಸು. 1400 ಮೀಟರ್ ದಾಟಿದ ಕೆಮ್ಮಣ್ಣುಗುಂಡಿಯಲ್ಲಿ 95ಕ್ಕೇ ಕುದಿ ಬರುತ್ತದೆ, ಹಾಗಾಗಿ ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಕಾಳು ಬೇಯುವುದು ತಡ. ಕುಕ್ಕರ್ ಆವಿಯನ್ನು ಒಳಗೇ ಕೂಡಿಹಾಕಿ ಒತ್ತಡ ಏರಿಸುವುದರಿಂದ ನೀರು ಸುಮಾರು 120 ಡಿಗ್ರಿ ತನಕ ದ್ರವವಾಗಿಯೇ ಉಳಿಯುತ್ತದೆ. ಬೇಗ ಬೇಯುವ ಗುಟ್ಟು ಇಷ್ಟೇ.

ಮೊದಲ ಸೀಟಿ ಬಂತೆಂದರೆ ಒಳಗಿನ ಒತ್ತಡ ಗರಿಷ್ಠಕ್ಕೆ ಮುಟ್ಟಿದೆ ಎಂದರ್ಥ. ಆಮೇಲಿನ ಪ್ರತಿ ಸೀಟಿಯೂ ಹೆಚ್ಚುವರಿ ಆವಿಯನ್ನು ಹೊರಗೆ ಚೆಲ್ಲುವ ಸದ್ದು. ಮೊದಲ ಸೀಟಿಗೇ ಉರಿ ತಗ್ಗಿಸಿ, ಅಲ್ಲಿಂದ ನಿಮಿಷ ಲೆಕ್ಕ ಹಾಕಿ. ನಿಮ್ಮ ಕುಕ್ಕರಿನಲ್ಲಿ ತೊಗರಿಬೇಳೆಗೆ ಎಷ್ಟು ನಿಮಿಷ, ನೆನೆಸಿದ ಕಡಲೆಗೆ ಎಷ್ಟು ಎಂದು ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಯೋಚಿಸಬೇಕಾಗಿಲ್ಲ. ಆರಿಸಿದ ಮೇಲೂ ಕೆಲ ಹೊತ್ತು ಒಳಗೆ ಬೇಯುತ್ತಲೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

3. ಹಾಲು: ಉಕ್ಕುವ ಮೊದಲು ಸುಳಿವು ಸಿಗುತ್ತದೆ

ನೀರು ಎಷ್ಟು ಕುದಿದರೂ ಹಾಲಿನಂತೆ ಉಕ್ಕಿ ಬರುವುದಿಲ್ಲ, ಗುಳ್ಳೆ ಮೇಲೆ ಬಂದೊಡನೆ ಒಡೆಯುತ್ತದೆ. ಹಾಲಿನಲ್ಲಿರುವ ಪ್ರೋಟೀನು ಪ್ರತಿ ಗುಳ್ಳೆಗೂ ಪೊರೆ ಕಟ್ಟಿಬಿಡುತ್ತದೆ. ಒಡೆಯದ ಗುಳ್ಳೆಗಳು ಒಂದರ ಮೇಲೊಂದು ಏರಿ ನೊರೆಯಾಗುತ್ತವೆ, ಮೇಲಿನ ಕೆನೆ ಅವನ್ನು ಒಳಗೇ ತಡೆಹಿಡಿಯುತ್ತದೆ. ಆದ್ದರಿಂದ:

- ಪಾತ್ರೆಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಾಲು ತುಂಬಬೇಡಿ.
- ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಂಡೊಡನೆ ಉರಿ ತಗ್ಗಿಸಿ, ಸೌಟಿನಿಂದ ಕೆನೆ ಒಡೆಯಿರಿ.
- ಉಕ್ಕಿಯೇ ಬಿಟ್ಟರೆ ನಾಲ್ಕು ಹನಿ ತಣ್ಣೀರು ಚಿಮುಕಿಸಿ. ನೊರೆಯೊಳಗಿನ ಆವಿ ತಣಿದು ನೀರಾಗುತ್ತದೆ, ನೊರೆ ಕುಸಿಯುತ್ತದೆ. ಉರಿ ತಗ್ಗಿಸದೆ ಬಿಟ್ಟರೆ ಮತ್ತೆ ಏಳುತ್ತದೆ.

ಪಾಶ್ಚರೀಕರಿಸಿದ ಪೊಟ್ಟಣದ ಹಾಲು ಡೈರಿಯಲ್ಲೇ ಒಮ್ಮೆ ಕಾದು ಬಂದಿರುತ್ತದೆ. ರೂಢಿಯ ಕ್ರಮ: 72 ಡಿಗ್ರಿಯಲ್ಲಿ 15 ಸೆಕೆಂಡು, ಆಮೇಲೆ ಕೂಡಲೇ 4 ಡಿಗ್ರಿಯ ಆಸುಪಾಸಿಗೆ. ಕಾದ ಹಾಲಿನ ಶಾಖವನ್ನೂ ಅಲ್ಲಿ ಪೋಲು ಮಾಡುವುದಿಲ್ಲ, ಲೋಹದ ತಟ್ಟೆಗಳ ಮೂಲಕ ಒಳಬರುವ ತಣ್ಣನೆ ಹಾಲಿಗೆ ದಾಟಿಸುತ್ತಾರೆ. ಕೊಳ್ಳುವಾಗ ಪೊಟ್ಟಣ ಮುಟ್ಟಿ ನೋಡಿ. ತಣ್ಣಗಿದ್ದು, ಮನೆಗೆ ಬಂದೊಡನೆ ಫ್ರಿಜ್ ಸೇರಿದರೆ ಹತ್ತಾರು ನಿಮಿಷ ಕುದಿಸುವ ಅಗತ್ಯವಿಲ್ಲ, ಬೇಕಾದಷ್ಟು ಬಿಸಿ ಮಾಡಿಕೊಂಡರೆ ಸಾಕು. ಕೊಟ್ಟಿಗೆಯಿಂದ ನೇರ ಬಂದ ಹಾಲನ್ನಾದರೆ ಕುದಿಸದೆ ಬಳಸಬೇಡಿ.

4. ತುಪ್ಪ: ಸದ್ದು ಕೇಳಿ

ಬೆಣ್ಣೆಯಲ್ಲಿ ಕೊಬ್ಬಿನ ಜೊತೆ ನೀರೂ ಇದೆ, ಮಜ್ಜಿಗೆಯ ಅಂಶವೂ ಇದೆ. ಒಲೆಗಿಟ್ಟ ಬೆಣ್ಣೆ ಮೊದಲು ಕರಗುತ್ತದೆ, ಆಮೇಲೆ ಗುಳುಗುಳು ಸದ್ದು ಶುರುವಾಗುತ್ತದೆ. ಆ ಸದ್ದು ನೀರು ಆವಿಯಾಗುವುದರದ್ದು. ಅದು ಇರುವ ತನಕ ಪಾತ್ರೆಯ ಬಿಸಿ 100 ಡಿಗ್ರಿಯಿಂದ ಹೆಚ್ಚು ದೂರ ಹೋಗುವುದಿಲ್ಲ, ನೀರೇ ಕಾವಲು ಕಾಯುತ್ತದೆ. ನೀರು ಮುಗಿದ ಕ್ಷಣ ಕಾವಲೂ ಮುಗಿಯಿತು. ಅಲ್ಲಿಯವರೆಗೆ ಆವಿಗೆ ಖರ್ಚಾಗುತ್ತಿದ್ದ ಶಾಖವೆಲ್ಲ ಈಗ ತುಪ್ಪದ ಬಿಸಿ ಏರಿಸುತ್ತದೆ, ತಳದ ಗಸಿ ಹೊಂಬಣ್ಣದಿಂದ ಕಪ್ಪಿಗೆ ತಿರುಗಲು ಒಂದೆರಡು ನಿಮಿಷ ಸಾಕು.

- ಸದ್ದು ಜೋರಾಗಿರುವಾಗ ಮಧ್ಯಮ ಉರಿ. ಸದ್ದು ತಗ್ಗತೊಡಗಿದಾಗ ಸಿಮ್. ಆಗ ಒಲೆ ಬಿಟ್ಟು ಕದಲಬೇಡಿ.
- ಒಂದು ವೀಳ್ಯದೆಲೆ ಹಾಕಿ. ಎಲೆಯ ನೀರು ಹೋಗುವ ತನಕ ಅದು ಚಟಪಟ ಎನ್ನುತ್ತದೆ, ಆಮೇಲೆ ಗರಿಗರಿಯಾಗುತ್ತದೆ. ಎಲೆ ಗರಿಯಾಗಿ, ಸದ್ದು ಅಡಗಿ, ತಳ ಹೊಂಬಣ್ಣವಾಗಿದ್ದರೆ ತುಪ್ಪ ಆಯಿತು.
- ಪಾತ್ರೆಯ ತಳ ದಪ್ಪವಾಗಿದ್ದರೆ ಉರಿ ಆರಿಸಿದ ಮೇಲೂ ಬಿಸಿ ಏರುತ್ತದೆ. ಕೊಂಚ ಮೊದಲೇ ಆರಿಸಿ.
- ತುಪ್ಪ ಮರಳು ಮರಳಾಗಿ ಬರಬೇಕೆ? ಅಡುಗೆಮನೆಯ ಮೂಲೆಯಲ್ಲಿ ಅಲುಗಾಡಿಸದೆ ನಿಧಾನವಾಗಿ ಆರಲು ಬಿಡಿ. ಹಾಲಿನ ಕೊಬ್ಬು ಹಲವು ಬಗೆಯ ಕೊಬ್ಬುಗಳ ಮಿಶ್ರಣ, ಅವು ಬೇರೆ ಬೇರೆ ಡಿಗ್ರಿಗಳಲ್ಲಿ ಗಟ್ಟಿಯಾಗುತ್ತವೆ. ನಿಧಾನಕ್ಕೆ ತಣಿದರೆ ಹರಳು ದೊಡ್ಡದಾಗಲು ಸಮಯ ಸಿಗುತ್ತದೆ. ಬಿಸಿ ಬಿಸಿಯಾಗಿ ಫ್ರಿಜ್ಜಿಗೆ ಹೋದ ತುಪ್ಪ ಮೇಣದಂತೆ ನುಣ್ಣಗೆ ಹೆಪ್ಪುಗಟ್ಟುತ್ತದೆ.

5. ಪಾಕ: ಕೊನೆಯ ಎರಡು ನಿಮಿಷವೇ ಎಲ್ಲ

ಬರೀ ನೀರು ಒಂದೇ ಡಿಗ್ರಿಯಲ್ಲಿ ನಿಂತು ಕುದಿಯುತ್ತದೆ. ಬೆಲ್ಲ ಅಥವಾ ಸಕ್ಕರೆ ಕರಗಿದ ನೀರು ಹಾಗಲ್ಲ: ನೀರು ಹೋದಂತೆ ಪಾಕ ಗಾಢವಾಗಿ, ಕುದಿಯುವ ಡಿಗ್ರಿಯೂ ಮೇಲೇರುತ್ತದೆ. ಹೀಗಾಗಿ ಬಿಸಿಯ ಡಿಗ್ರಿಯೇ ಪಾಕದ ಹದ ಹೇಳುತ್ತದೆ. ಆಲೆಮನೆಯಲ್ಲಿ ಜೋನಿಬೆಲ್ಲವನ್ನು 105 ಡಿಗ್ರಿಯ ಆಸುಪಾಸಿನಲ್ಲಿ ಇಳಿಸಿದರೆ, ಅಚ್ಚುಬೆಲ್ಲಕ್ಕೆ 118ರ ಹತ್ತಿರ ಹೋಗಬೇಕು. ಅನುಭವಿಗಳು ಇದನ್ನು ಥರ್ಮಾಮೀಟರ್ ಇಲ್ಲದೆ, ಕೊಪ್ಪರಿಗೆಯ ಗುಳ್ಳೆಯ ಗಾತ್ರ ನೋಡಿಯೇ ಹೇಳಬಲ್ಲರು.

ಮನೆಯಲ್ಲಿ ತಟ್ಟೆಯಷ್ಟು ತಣ್ಣೀರು ಪಕ್ಕದಲ್ಲಿಟ್ಟುಕೊಳ್ಳಿ. ಆಗಾಗ ಒಂದು ಹನಿ ಬಿಟ್ಟು ನೋಡಿ:

- ಹನಿ ನೀರಲ್ಲಿ ಹರಡಿತೆಂದರೆ ಇನ್ನೂ ಕುದಿಯಬೇಕು.
- ಬೆರಳುಗಳ ನಡುವೆ ಎಳೆ ಬಂದರೆ ಎಳೆಪಾಕ.
- ನೀರೊಳಗೆ ಮೆತ್ತನೆ ಉಂಡೆ ಕಟ್ಟಿದರೆ ಉಂಡೆಪಾಕ.
- ಉಂಡೆ ಗಟ್ಟಿಯಾಗಿ, ತಟ್ಟೆಗೆ ಎಸೆದರೆ ಟಣ್ ಎಂದರೆ ಚಿಕ್ಕಿಯ ಹದ.

ಮೊದಮೊದಲು ಹದ ನಿಧಾನವಾಗಿ ಬದಲಾಗುತ್ತದೆ. ಕೊನೆಕೊನೆಗೆ ಆವಿಯಾಗಿ ಶಾಖ ಹೀರಲು ಉಳಿದಿರುವ ನೀರೇ ಕಡಿಮೆಯಾದ್ದರಿಂದ ಡಿಗ್ರಿ ದಡದಡ ಏರುತ್ತದೆ. ಎಳೆ ಕಾಣಿಸಿದ ಮೇಲೆ ಉರಿ ಸಣ್ಣದಿರಲಿ. ಪಾಕ ಮೀರಿತು ಅನಿಸಿದರೆ ಹೆದರಬೇಡಿ. ಸೀಯದಿದ್ದರೆ ಒಂದೆರಡು ಚಮಚ ಬಿಸಿನೀರು ಬೆರೆಸಿ ಮತ್ತೆ ಹಿಂದಿನ ಹದಕ್ಕೆ ತರಬಹುದು. ಸೀದ ಪಾಕಕ್ಕೆ ಮಾತ್ರ ಮದ್ದಿಲ್ಲ.

6. ಇಡ್ಲಿ, ಕಡುಬು: ಆವಿ ಬಂದ ಮೇಲೆ ತಟ್ಟೆ ಇಡಿ

ಆವಿ ತಣ್ಣಗಿನ ಹಿಟ್ಟಿಗೆ ತಾಗಿ ಮತ್ತೆ ನೀರಾಗುವಾಗ, ಆವಿಯಾಗಲು ತಾನು ಹೀರಿದ್ದ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಇಡ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಒಳಗಿನ ತನಕ ಬೇಯುವುದು ಅದರಿಂದ. ನೀರು ಕುದಿದು ಆವಿ ಧಾರಾಳವಾಗಿ ಬರತೊಡಗಿದ ಮೇಲೆಯೇ ತಟ್ಟೆ ಒಳಗಿಡಿ, ಮುಚ್ಚಳ ಬಿಗಿಯಾಗಿರಲಿ, ನಡುನಡುವೆ ತೆರೆದು ನೋಡಬೇಡಿ. ಮುಚ್ಚಳದ ಒಳಗೊಂದು ಬಟ್ಟೆ ಕಟ್ಟಿದರೆ ಅಲ್ಲಿ ತಣಿದ ನೀರು ಇಡ್ಲಿಯ ಮೇಲೆ ತೊಟ್ಟಿಕ್ಕುವುದಿಲ್ಲ.

7. ತಂಪು ಬೇಕಾದಾಗಲೂ ಇದೇ ಸೂತ್ರ

ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ. ಅಷ್ಟು ಶಾಖ ಅದೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಲ್ಲದು. ಮೀನನ್ನೋ ಔಷಧಿಯನ್ನೋ ದೂರ ಒಯ್ಯುವಾಗ ತಣ್ಣೀರಿನ ಬಾಟಲಿಗಿಂತ ಗಡ್ಡೆಯೇ ಏಕೆ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಫ್ರೀಜರಿಗೆ ಇಡುವ ಬಾಟಲಿಯನ್ನು ಕಂಠದ ತನಕ ತುಂಬಬೇಡಿ, ನೀರು ಗಡ್ಡೆಯಾಗುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಕರಗಿದ ಲೋಹ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ, ಗಟ್ಟಿಯಾಗುವಾಗ ಕುಗ್ಗುತ್ತದೆ. ಎರಕದ ಒಳಗೆ ಟೊಳ್ಳು ಬೀಳಬಾರದೆಂದು ಫೌಂಡ್ರಿಯವರು ಅಚ್ಚಿಗೆ ರೈಸರ್ ಎಂಬ ಹೆಚ್ಚುವರಿ ಗುಂಡಿ ಇಟ್ಟು, ಕುಗ್ಗಿದ ಜಾಗಕ್ಕೆ ಅದರಿಂದ ಲೋಹ ಇಳಿಯುವಂತೆ ಮಾಡುತ್ತಾರೆ.

ಮನೆಯಲ್ಲಿ ಕುಲ್ಫಿ ಬೇಗ ಗಟ್ಟಿಯಾಗಬೇಕೆ? ಮೂರು ಪಾಲು ಗಡ್ಡೆಯ ಚೂರಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ಅದರ ನಡುವೆ ಬಿಗಿಯಾಗಿ ಮುಚ್ಚಿದ ಡಬ್ಬಿ ಹೂತಿಡಿ. ಉಪ್ಪು ಬೆರೆತ ನೀರು ಸೊನ್ನೆಗಿಂತ ಬಹಳ ಕೆಳಗೂ ದ್ರವವಾಗಿಯೇ ಇರುವುದರಿಂದ ಮಿಶ್ರಣ ಸೊನ್ನೆಯ ಕೆಳಗೆ 20 ಡಿಗ್ರಿಯ ಹತ್ತಿರಕ್ಕೆ ಇಳಿಯಬಲ್ಲದು. ಮಾಚೇನಹಳ್ಳಿಯ ಕುಲುಮೆಗೂ ಇದೇ ನೆರವು: ಅಪ್ಪಟ ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ನೂರಕ್ಕೆ ನಾಲ್ಕರಷ್ಟು ಇಂಗಾಲ ಬೆರೆತರೆ 1150ರ ಹತ್ತಿರವೇ ಕರಗತೊಡಗುತ್ತದೆ.

ಮಡಕೆಯ ನೀರು ತಂಪಾಗುವುದು ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಮಡಕೆಯಿಂದಲೇ ಶಾಖ ಕಸಿಯುವುದರಿಂದ. ಬೇಸಿಗೆಯ ಒಣ ಗಾಳಿಯಲ್ಲಿ ಗಾಳಿ ಆಡುವ ಕಡೆ ಇಟ್ಟರೆ ಚೆನ್ನಾಗಿ ತಂಪಾಗುತ್ತದೆ, ಜಡಿಮಳೆಯ ದಿನಗಳಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಆಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದೂ ಅದೇ ಕಾರಣಕ್ಕೆ. ಬಾಗಿಲು ಹಾಕಿದ ಕೋಣೆಯಲ್ಲಿ ನೇತುಹಾಕಬೇಡಿ. ನಡುವೆ ಜಾಗ ಬಿಟ್ಟು, ಕಿಟಕಿ ತೆರೆದು, ಫ್ಯಾನ್ ಹಾಕಿ. ತೇವ ತುಂಬಿದ ಗಾಳಿಯನ್ನು ಬಟ್ಟೆಯ ಬಳಿಯಿಂದ ಸರಿಸುವುದೇ ಅರ್ಧ ಕೆಲಸ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂಬ ನಂಬಿಕೆ. ಕುದಿಯುವ ಡಿಗ್ರಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆ ಏರಿಕೆಯೂ ಅಡುಗೆಗೆ ಹಾಕುವ ಉಪ್ಪಿನಲ್ಲಿ ಲೆಕ್ಕಕ್ಕಿಲ್ಲದಷ್ಟು. ರುಚಿಗೆ ಹಾಕಿ, ಗ್ಯಾಸ್ ಉಳಿಸಲಲ್ಲ.
- ಪಾಯಸ, ಗೊಜ್ಜು ಗಟ್ಟಿಯಾಗಲೆಂದು ಮುಚ್ಚಳ ಹಾಕಿ ಕುದಿಸುವುದು. ಹೋಗಬೇಕಾದ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ಮುಚ್ಚಳ ತೆಗೆಯಿರಿ.
- ಬಿಸಿ ಚಿಕ್ಕಿಯನ್ನು ಡಬ್ಬಿಗೆ ತುಂಬುವುದು. ಒಳಗಿನ ಆವಿ ತಣಿದು ನೀರಾಗಿ ಚಿಕ್ಕಿ ಮೆತ್ತಗಾಗುತ್ತದೆ. ಪೂರ್ತಿ ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ, ತೆರೆದಿಟ್ಟರೆ ಮಳೆಗಾಲದ ತೇವವನ್ನು ಬೆಲ್ಲ ಎಳೆದುಕೊಳ್ಳುತ್ತದೆ.
- ಕರ್ಪೂರದ ಡಬ್ಬಿಯ ಮುಚ್ಚಳ ಸಡಿಲ ಬಿಡುವುದು. ಕರ್ಪೂರ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ, ಕುಳಿತಲ್ಲೇ ಸವೆಯುತ್ತದೆ. ಅದನ್ನು ಕಾಯುವುದು ಬಿಗಿಯಾದ ಮುಚ್ಚಳ.
- ಮಕ್ಕಳ ಶಾಲೆಯ ಪ್ರಯೋಗದ ಥರ್ಮಾಮೀಟರ್ ಕುದಿಯುವ ನೀರಿನಲ್ಲಿ 98 ಡಿಗ್ರಿ ತೋರಿಸಿತೆಂದು ಅದು ಕೆಟ್ಟಿದೆ ಎನ್ನುವುದು. ನಮ್ಮ ಶಿವಮೊಗ್ಗದ ಎತ್ತರದಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಪರೀಕ್ಷಿಸಬೇಕಿದ್ದರೆ ಕರಗುತ್ತಿರುವ ಗಡ್ಡೆಯಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸಬೇಕು.

ಎಚ್ಚರಿಕೆ

ಬಿಸಿ ಎಣ್ಣೆಗೆ ನೀರು ತಾಗಬಾರದು. ನೀರು ಆವಿಯಾದರೆ ಸುಮಾರು 1600 ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಕಾದ ಎಣ್ಣೆಯ ಕೆಳಗಿಳಿದ ಹನಿ ಕ್ಷಣದಲ್ಲಿ ಹಿಗ್ಗಿ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಫೌಂಡ್ರಿಯಲ್ಲಿ ಸುಮಾರು 1400 ಡಿಗ್ರಿಯ ಲೋಹ ಹೊಯ್ಯುವ ಲ್ಯಾಡಲನ್ನು ಮೊದಲೇ ಕಾಯಿಸಿಟ್ಟುಕೊಳ್ಳುವುದೂ, ಒದ್ದೆ ಗುಜರಿಯನ್ನು ಕುಲುಮೆಗೆ ಹಾಕದಿರುವುದೂ ಇದೇ ಭಯಕ್ಕೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಮುಚ್ಚಿ.

ಆವಿಯ ಸುಟ್ಟಗಾಯ ಹಗುರವಲ್ಲ. ಒಂದು ಗ್ರಾಂ ಆವಿ ಚರ್ಮದ ಮೇಲೆ ನೀರಾಗಿ ತಣಿಯುವಾಗ ಬಿಟ್ಟುಕೊಡುವ ಶಾಖ, ಒಂದು ಗ್ರಾಂ ಕುದಿನೀರು ಕೊಡುವುದರ ಒಂಬತ್ತು ಪಟ್ಟಿಗೂ ಹೆಚ್ಚು. ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಗೆ ಓರೆ ಮಾಡಿ ತೆರೆಯಿರಿ. ಒತ್ತಡ ಇಳಿಯದ ಕುಕ್ಕರನ್ನು ಬಲವಂತದಿಂದ ತೆಗೆಯಬೇಡಿ. ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಸಿನ ಬೇಡ. ಬೊಬ್ಬೆ ದೊಡ್ಡದಿದ್ದರೆ, ಮುಖಕ್ಕೆ ತಾಗಿದ್ದರೆ, ಅಥವಾ ಸುಟ್ಟಿರುವುದು ಮಗುವಿಗಾದರೆ ಆಸ್ಪತ್ರೆಗೆ ಹೋಗಿ.

ಸಿಲಿಂಡರನ್ನು ಮಲಗಿಸಬೇಡಿ, ಬಿಸಿನೀರಿನಲ್ಲಿ ಇಡಬೇಡಿ. ಒಳಗಿರುವುದು ಒತ್ತಡದಲ್ಲಿ ದ್ರವವಾಗಿರುವ ಅನಿಲ. ಮದುವೆಮನೆಯ ದೊಡ್ಡ ಒಲೆಗೆ ಜೋಡಿಸಿದಾಗ ಅದು ವೇಗವಾಗಿ ಆವಿಯಾಗುತ್ತಾ ಸಿಲಿಂಡರಿನಿಂದಲೇ ಶಾಖ ಕಸಿಯುವುದರಿಂದ ಮೈ ತಣ್ಣಗಾಗಿ ಹನಿ ಕಟ್ಟುತ್ತದೆ, ಉರಿ ಸೊರಗುತ್ತದೆ. ಗ್ಯಾಸ್ ಮುಗಿಯಿತೆಂದು ಮಲಗಿಸಿದರೆ ದ್ರವವೇ ಕೊಳವೆಗೆ ನುಗ್ಗಬಹುದು. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಬೇರೆ ಸಿಲಿಂಡರ್ ಹಾಕಿ, ತಣ್ಣಗಾದದ್ದು ತಾನಾಗಿ ಚೇತರಿಸಿಕೊಳ್ಳಲಿ. ಎಷ್ಟು ಉಳಿದಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಮೈ ಒರೆಸಿ. ದ್ರವ ಇರುವ ಎತ್ತರದ ತನಕ ತೇವ ತಡವಾಗಿ ಆರುತ್ತದೆ.

ನಾಳೆಯಿಂದ ಶುರು ಮಾಡಲು

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಮೊದಲು ಕುಕ್ಕರಿನ ನಿಮಿಷಗಳ ಪಟ್ಟಿ ಮಾಡಿ, ಒಲೆಯ ಪಕ್ಕ ಅಂಟಿಸಿ. ಹೊಸ ಸಿಲಿಂಡರ್ ಹಾಕಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ, ಮುಗಿದ ತಾರೀಖನ್ನೂ. ಹಳೆಯ ರೂಢಿಯಲ್ಲಿ ಒಂದು ಸಿಲಿಂಡರ್, ಕುದಿ ಬಂದೊಡನೆ ಉರಿ ತಗ್ಗಿಸುವ ರೂಢಿಯಲ್ಲಿ ಇನ್ನೊಂದು: ಎರಡನ್ನೂ ಹೋಲಿಸಿ ನೋಡಿದರೆ ಎಷ್ಟು ಉಳಿಯಿತೆಂದು ನಿಮ್ಮ ಕ್ಯಾಲೆಂಡರೇ ಹೇಳುತ್ತದೆ.